ಯಾರೂ ಹಿಡಿಯದ ವಾರ

ಪೆನ್ನಿಗೆ ಟೊಪ್ಪಿಗೆ ಹಾಕಿ ಅಮೃತಾ ಅದನ್ನು ರಿಜಿಸ್ಟರಿನ ಮೇಲೆ ಅಡ್ಡ ಇಟ್ಟಳು.

“ಟಿಕ್ ಹಾಕೋದು ಮುಗೀತನು?” ದೇವೇಂದ್ರಪ್ಪ ಮಾಸ್ತರರು ಮೊಬೈಲಿನಿಂದ ಕಣ್ಣು ಕೀಳದೆ ಕೇಳಿದರು.

“ಇಲ್ರೀ ಸರ.”

“ಲಗೂನ ಹಾಕು. ಗಂಟಿ ಹೊಡಿಯೋ ಹೊತ್ತಾತು.”

“ನಾ ಹಾಕಂಗಿಲ್ರೀ.”

ಮಾಸ್ತರರು ಈಗ ತಲೆ ಎತ್ತಿದರು. ಬೇವಿನಗುಂಡಿಯ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದ ಅವರಿಗೆ ಹುಡುಗರು ಎದುರುತ್ತರ ಕೊಡುವುದು ಹೊಸದಲ್ಲ. ಆದರೆ ಇವಳು ಹತ್ತನೇ ಕ್ಲಾಸಿನ ಮಾನಿಟರು. ಎರಡು ವರ್ಷದಿಂದ ಹೇಳಿದ್ದನ್ನು ಹೇಳಿದ ಹಾಗೆ ಮಾಡಿಕೊಂಡು ಬಂದವಳು. ಇವಳ ಬಾಯಿಂದ ಇಲ್ಲ ಎಂಬ ಮಾತು ಬಂದದ್ದೇ ಅವರಿಗೆ ಅರ್ಥವಾಗಲಿಲ್ಲ.

ಕೆಲಸವೇನೂ ದೊಡ್ಡದಲ್ಲ. ಪ್ರತಿ ಸೋಮವಾರ ಬಿಸಿಯೂಟದ ನಂತರ ಎಂಟರಿಂದ ಹತ್ತನೇ ಕ್ಲಾಸಿನ ನಲವತ್ತೊಂದು ಹುಡುಗಿಯರಿಗೆ ಒಂದೊಂದು ನೀಲಿ ಗುಳಿಗೆ, ರಕ್ತ ಹೆಚ್ಚಾಗಲಿ ಎಂದು ಸರಕಾರ ಕೊಡುವುದು. ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಎರಡು ಮನೆ. ಒಂದು ‘ಊಟ ಮಾಡಿದ್ದಾಳೆ’, ಇನ್ನೊಂದು ‘ಗುಳಿಗೆ ನುಂಗಿದ್ದಾಳೆ’. ಎರಡಕ್ಕೂ ಟಿಕ್ ಹಾಕಬೇಕು. ಅಮೃತಾ ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಹಾಕುತ್ತಿದ್ದಳು. ಅವಳ ಟಿಕ್ಕುಗಳೆಲ್ಲ ಒಂದೇ ಎತ್ತರಕ್ಕೆ ನಿಲ್ಲುತ್ತಿದ್ದವು, ಬಂದವರೆಲ್ಲ ಎಷ್ಟು ಅಚ್ಚುಕಟ್ಟು ಎಂದು ಹೊಗಳುತ್ತಿದ್ದರು.

“ಇವತ್ತ ಇಪ್ಪತ್ತೈದು ಹುಡುಗ್ಯಾರು ಉಂಡಿಲ್ರೀ ಸರ. ಶ್ರಾವಣ ಸೋಮವಾರ, ಒಪ್ಪತ್ತು ಅದಾರ. ಉಂಡಾರಂತ ಹೆಂಗ ಹಾಕ್ಲಿ?”

“ಎರಡ ವರ್ಷ ಹೆಂಗ ಹಾಕಿದಿ?”

ಆ ಮಾತು ಸರಿಯಾಗಿ ತಾಗಬೇಕಾದಲ್ಲೇ ತಾಗಿತು. ನೋಡದೆ ಹಾಕಿದೆ ಎನ್ನುವುದೇ ಉತ್ತರ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವತ್ತು ಅವಳಿಗೆ ಸಾಲಲಿಲ್ಲ. ರಿಜಿಸ್ಟರನ್ನು ಮೇಜಿನ ಆ ಬದಿಗೆ ಸರಿಸಿ ಹೊರಗೆ ಬಂದಳು.

ಇಷ್ಟಕ್ಕೆಲ್ಲ ಕಾರಣ ಅವಳ ಗೆಳತಿ ಐಶ್ವರ್ಯ. ಒಂದನೇ ಇಯತ್ತೆಯಿಂದ ಇಬ್ಬರದೂ ಒಂದೇ ಬೆಂಚು. ಶ್ರಾವಣದ ಮೊದಲನೇ ಸೋಮವಾರ, ಎರಡು ವಾರದ ಹಿಂದೆ, ಐಶ್ವರ್ಯ ಹಿಂದಿನ ರಾತ್ರಿ ಉಂಡವಳು, ಬೆಳಿಗ್ಗೆ ಬರೀ ಚಹಾ ಕುಡಿದು ಬಂದಿದ್ದಳು. ಮಧ್ಯಾಹ್ನ ಎಲ್ಲರೂ ಅನ್ನ ಸಾಂಬಾರು ಉಣ್ಣುವಾಗ ಒಪ್ಪತ್ತಿನ ಹುಡುಗಿಯರು ಬೇವಿನ ಗಿಡದ ಕೆಳಗೆ ಕುಳಿತು ಹಾಡು ಹೇಳುತ್ತಿದ್ದರು. ಆಮೇಲೆ ಸಾಲಾಗಿ ನಿಂತು ಖಾಲಿ ಹೊಟ್ಟೆಗೆ ಗುಳಿಗೆ ನುಂಗಿದರು. ಹತ್ತು ನಿಮಿಷಕ್ಕೆ ಐಶ್ವರ್ಯ ವಾಂತಿ ಮಾಡಿಕೊಂಡಳು, ಕೈಕಾಲು ನಡುಗಿದವು, ಬಿಸಿಲಿನಲ್ಲೇ ಬಿದ್ದಳು.

ಬಿದ್ದದ್ದು ದೊಡ್ಡ ಮಾತಲ್ಲ. ಅಡುಗೆಯ ಇಮಾಮಬೀ ಸಕ್ಕರೆ ನೀರು ಕುಡಿಸಿದ ಮೇಲೆ ಎದ್ದು ಕುಳಿತಳು. ಅನಾಹುತವಾದದ್ದು ಅದಕ್ಕೂ ಮೊದಲು. ಮಾಸ್ತರರು ಗಾಬರಿಯಲ್ಲಿ ಓಡಿ ಬಂದು, ಕಿಸೆಯಿಂದ ಶಾಲೆಯ ಕೀಲಿಗೊಂಚಲು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿ ಹಿಡಿದಿದ್ದರು. ಮೂರ್ಛೆರೋಗದವರು ಬಿದ್ದಾಗ ಕೈಗೆ ಕಬ್ಬಿಣ ಕೊಡುವುದು ಈ ಕಡೆಯ ರೂಢಿ. ವಿಜ್ಞಾನ ಕಲಿಸುವ ಮನುಷ್ಯನ ಕೈಯೂ ಗಾಬರಿಯಲ್ಲಿ ಅಜ್ಜಿ ಮಾಡಿದ್ದನ್ನೇ ಮಾಡುತ್ತದೆ. ಇಡೀ ಶಾಲೆ ಆ ಕೀಲಿಗಳನ್ನು ನೋಡಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ಒಂದೇ ಮಾತು: ಗಿರಣಿ ವಿರುಪಣ್ಣನ ಮಗಳಿಗೆ ಮೂರ್ಛೆರೋಗವಂತೆ.

ಮರುದಿನದಿಂದ ಐಶ್ವರ್ಯ ಶಾಲೆಗೆ ಬರಲಿಲ್ಲ. ಆಶಾ ಕಾರ್ಯಕರ್ತೆ ಶೇಖರಮ್ಮ ಬಂದು ಫಾರ್ಮು ತುಂಬಿಕೊಂಡು ಹೋದರು. ಹುಡುಗಿ ಊಟ ಮಾಡಿದ್ದಳೇ ಎಂದು ಫಾರ್ಮಿನಲ್ಲಿ ಕೇಳಿತ್ತು. ರಿಜಿಸ್ಟರು ನೋಡಿದರು, ಟಿಕ್ ಇತ್ತು, ಹೌದು ಎಂದು ಬರೆದರು. ಊಟದ ಮೇಲೆ ಗುಳಿಗೆ ಕೊಟ್ಟಿದ್ದರಿಂದ ಗುಳಿಗೆಯದು ತಪ್ಪಿಲ್ಲ, ಮೊದಲಿನಿಂದ ಮೂರ್ಛೆ ಇದ್ದಿರಬಹುದು ಎಂದು ಕಾಗದ ತಯಾರಾಯಿತು. ಎಲ್ಲರ ಮೈಮೇಲಿನ ಭಾರವೂ ಇಳಿದು ಆ ಹುಡುಗಿಯ ಮೈಮೇಲೆ ಕುಳಿತಿತು.

ಇದು ಅಮೃತಾಳಿಗೆ ಪೂರ್ತಿ ಗೊತ್ತಾದದ್ದು ಭಾನುವಾರ, ಜೋಳದ ಚೀಲ ಹೊತ್ತು ವಿರುಪಣ್ಣನ ಹಿಟ್ಟಿನ ಗಿರಣಿಗೆ ಹೋದಾಗ. ಗಿರಣಿ ನಡೆಯುತ್ತಿತ್ತು. ಐಶ್ವರ್ಯ ಹುಬ್ಬು ರೆಪ್ಪೆಗೆಲ್ಲ ಹಿಟ್ಟು ಹತ್ತಿಸಿಕೊಂಡು ಕಾಳು ಸುರಿಯುತ್ತಿದ್ದಳು. ಅಮೃತಾಳನ್ನು ನೋಡಿ ನಗಲಿಲ್ಲ.

“ಕಾಕಾ, ಐಶ್ವರ್ಯನ್ನ ಯಾವಾಗ ಸಾಲಿಗೆ ಕಳಸ್ತೀರಿ?”

ವಿರುಪಣ್ಣ ಕೈ ಜಾಡಿಸಿಕೊಂಡು ಮೊಬೈಲು ತೆಗೆದ. ಅದರಲ್ಲಿ ಶೇಖರಮ್ಮ ಕಳಿಸಿದ್ದ ರಿಜಿಸ್ಟರಿನ ಆ ದಿನದ ಪುಟದ ಫೋಟೋ ಇತ್ತು.

“ಇದು ನಿನ್ನ ಕೈಲೆ ಹಾಕಿದ್ದಲ್ಲನವಾ? ಒಪ್ಪತ್ತು ಅಂತ ಮನ್ಯಾಗ ಹೇಳಿ ಸಾಲ್ಯಾಗ ಉಂಡಾಳ. ಮ್ಯಾಲ ಉಂಡಿಲ್ಲ ಅಂತ ನಮ್ಮ ಮುಂದ ಸುಳ್ಳು. ಶಿವನ ವಾರ ಮುರದಾಳಂತ ಅವರವ್ವ ಮಾತ ಬಿಟ್ಟಾಳ. ಒಂದ ಕಡೆ ರೋಗ, ಒಂದ ಕಡೆ ಸುಳ್ಳು. ಇಂಥಾಕಿನ್ನ ಸಾಲಿಗೆ ಕಳಿಸಿ ಮತ್ತ ನಾಕ ಮಂದ್ಯಾಗ ಬೀಳಸ್ಲೇನು? ಗಿರಣ್ಯಾಗ ಇರ್ತಾಳ. ಸಾಕು ಕಲ್ತಿದ್ದು.”

ಐಶ್ವರ್ಯ ಡಬ್ಬಿ ಕೆಳಗಿಟ್ಟು ಹತ್ತಿರ ಬಂದಳು. ಅಳಲಿಲ್ಲ. ಅಳುವುದೆಲ್ಲ ಆಗಿಹೋಗಿರಬೇಕು.

“ನೀನ ಹೇಳ ಅಮೃತಾ. ಅವತ್ತ ನಾ ಉಂಡಿದ್ನೇನು?”

ಗಿರಣಿಯ ಸದ್ದು ಜೋರಾಗಿತ್ತು. ಆದರೂ ಅಮೃತಾಳಿಗೆ ಪ್ರತಿಯೊಂದು ಅಕ್ಷರ ಕೇಳಿಸಿತ್ತು. ಕೇಳಿಸಲಿಲ್ಲ ಎನ್ನುವ ಹಾಗೆ ಕಿವಿಯ ಮೇಲೆ ಕೈಯಿಟ್ಟು, ಹಿಟ್ಟು ಆಮೇಲೆ ಒಯ್ಯುತ್ತೇನೆಂದು ಸನ್ನೆ ಮಾಡಿ ಹೊರಟುಬಿಟ್ಟಳು. ದಾರಿಯುದ್ದಕ್ಕೂ ತನ್ನ ಬಗ್ಗೆ ತನಗೇ ಹೇಸಿಗೆಯೆನಿಸಿತು. ಆ ಟಿಕ್ ಹಾಕಲು ಅವಳಿಗೆ ಒಂದು ಕ್ಷಣವೂ ಹಿಡಿದಿರಲಿಲ್ಲ. ಮರುದಿನವೇ ಪೆನ್ನಿಗೆ ಟೊಪ್ಪಿಗೆ ಹಾಕಿ ಕೆಳಗಿಟ್ಟದ್ದು.

ಮಾಸ್ತರರು ಸೋಮವಾರ ಸಂಜೆ ಅವಳನ್ನು ಆಫೀಸಿಗೆ ಕರೆಸಿದರು. ಬೈಯಲಿಲ್ಲ. ಟಿಕ್ಕುಗಳನ್ನು ತಾವೇ ಹಾಕಿ ಮುಗಿಸಿದ್ದರು.

“ಶುಕ್ರವಾರ ಕೊಪ್ಪಳದಿಂದ ಆರೋಗ್ಯ ಇಲಾಖಿ ಮೇಡಂ ಬರ್ತಾರ. ನೀನು ಕಮಿಟಿಯಾಗ ಅದೀ, ನೆನಪೈತಿಲ್ಲ? ನಿನ್ನ ಹೆಸರು ಮ್ಯಾಲ ಹೋಗೇತಿ, ಬ್ಯಾನರಿನ್ಯಾಗ ಅಚ್ಚಾಗೇತಿ. ಇಲ್ಲಾಂದ್ರ ಬ್ಯಾರೆಯವರನ್ನ ಹಾಕ್ತಿದ್ದೆ. ಇದನ್ನ ಬಾಯಿಪಾಠ ಮಾಡ್ಕೊಂಡ ಬಾ.”

ಅವರು ಕೊಟ್ಟದ್ದು ಒಂದು ಟೈಪು ಮಾಡಿದ ಹಾಳೆ. ಊರಿನ ಆರೋಗ್ಯದ ಕೆಲಸ ಹೇಗೆ ನಡೆಯಬೇಕೆಂದು ಇನ್ನು ಮುಂದೆ ಹರೆಯದ ಹುಡುಗ ಹುಡುಗಿಯರನ್ನೂ ಕೇಳಬೇಕೆಂದು ಮೇಲಿನಿಂದ ಸೂಚನೆ ಬಂದಿತ್ತು. ಅದಕ್ಕಾಗಿ ಯುವಜನರ ಸಲಹಾ ಸಮಿತಿ. ಅಕ್ಷರ ಚೆಂದ ಎಂದು ಅಮೃತಾ, ಚಿತ್ರ ಬರೆಯುತ್ತಾನೆಂದು ಅವಳ ಕ್ಲಾಸಿನ ಕಲ್ಲೇಶ, ಮತ್ತಿಬ್ಬರು ಒಂಬತ್ತನೆಯವರು. ಸಲಹೆ ಕೇಳುವುದು ಹೀಗೆ: ಸಲಹೆಯನ್ನೂ ಅವರೇ ಟೈಪು ಮಾಡಿಸಿ ಕೊಡುವುದು. ‘ನಮ್ಮ ಶಾಲೆಯಲ್ಲಿ ಪ್ರತಿ ಸೋಮವಾರ ನೂರಕ್ಕೆ ನೂರರಷ್ಟು ವಿದ್ಯಾರ್ಥಿನಿಯರು ಊಟದ ನಂತರ ಗುಳಿಗೆ ಸೇವಿಸುತ್ತಿದ್ದು, ಇದಕ್ಕಾಗಿ ಇಲಾಖೆಗೆ ಚಿರಋಣಿಗಳಾಗಿದ್ದೇವೆ’ ಎಂದು ಶುರುವಾಗಿ, ಮುಗಿಯುವಾಗಲೂ ಚಿರಋಣಿಗಳಾಗಿದ್ದೇವೆ ಎಂದೇ ಇತ್ತು.

ಅಮೃತಾ ಆ ಹಾಳೆಯನ್ನು ಕಲ್ಲೇಶನ ಕೈಗೆ ಕೊಟ್ಟಳು. ಅವನು ಓದಿ, ತಿರುವಿ, “ಹಿಂದ ಖಾಲಿ ಐತಿ” ಎಂದ.

ಆ ಖಾಲಿ ಬದಿಯಲ್ಲೇ ಕೆಲಸ ಶುರುವಾಯಿತು. ಶಾಲೆಯ ಹಿಂದಿನ ಜಾಲಿ ಗಿಡಗಳ ಬುಡದಲ್ಲಿ ನೀಲಿ ಕಲೆಗಳಿದ್ದವು, ಹುಡುಗಿಯರು ನಾಲಿಗೆಯ ಕೆಳಗೆ ಇಟ್ಟುಕೊಂಡು ಬಂದು ಉಗುಳಿದ ಗುಳಿಗೆಗಳವು. ಐಶ್ವರ್ಯ ಬಿದ್ದ ಮೇಲೆ ನುಂಗುವವರೇ ಇರಲಿಲ್ಲ. ಅಮೃತಾ ಮೂರು ದಿನ ಹುಡುಗಿಯರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದಳು, ತನ್ನದನ್ನೂ ಐಶ್ವರ್ಯಳದನ್ನೂ ತಾನೇ ಬರೆದುಕೊಂಡಳು. ಯಾಕೆ ಉಗುಳುತ್ತೀ ಎಂದಲ್ಲ. ಯಾವ ವಾರ ಹಿಡಿದಿದ್ದೀ, ಅಂದರೆ ಯಾವ ದಿನ ದೇವರ ಹೆಸರಿನಲ್ಲಿ ಒಪ್ಪತ್ತು ಇರುತ್ತೀ ಎಂದು. ಸೋಮವಾರ ಇಪ್ಪತ್ತಾರು. ಮಂಗಳವಾರ ಐದು. ಗುರುವಾರ ನಾಲ್ಕು. ಶುಕ್ರವಾರ ಒಂಬತ್ತು. ಶನಿವಾರ ಹನ್ನೆರಡು, ಹನುಮಪ್ಪನಿಗೆ ಈ ಊರಿನಲ್ಲಿ ಭಕ್ತರು ಜಾಸ್ತಿ. ಕೆಲವರದು ಎರಡೆರಡು ವಾರ. ಭಾನುವಾರ ಶಾಲೆಯಿಲ್ಲ, ಅದನ್ನು ಕೇಳಲಿಲ್ಲ. ಬುಧವಾರದ ಮನೆ ಮಾತ್ರ ಖಾಲಿ ಉಳಿಯಿತು.

ಅದು ನಿಜವೇ ಎಂದು ಖಾತ್ರಿ ಮಾಡಿಕೊಳ್ಳಲು ಅವಳು ಅಜ್ಜಿ ಮಾರೆವ್ವನ ಹತ್ತಿರ ಬಂದಳು. ಈ ವಿಷಯದಲ್ಲಿ ಮಾರೆವ್ವನಿಗಿಂತ ದೊಡ್ಡ ಕಚೇರಿ ಊರಿನಲ್ಲಿರಲಿಲ್ಲ. ಅರವತ್ತು ವರ್ಷದಿಂದ ಸೋಮವಾರ ತಪ್ಪಿಸದವಳು.

“ಬುಧವಾರ ಯಾರರ ಹಿಡೀತಾರನಜ್ಜಿ?”

“ಬುಧವಾರ ಪಂಢರಪುರದ ವಿಠ್ಠಲಂದು ಅಂತಾರ.” ಮಾರೆವ್ವ ಬಾಯೊಳಗಿನ ಎಲೆ ಅಡಿಕೆ ಒಂದು ಬದಿಗೆ ಸರಿಸಿದಳು. “ಆದ್ರ ಅವಾ ಭಾಳ ಶಾಣ್ಯಾ ಅದಾನ. ಏಕಾದಶಿಗೆ ಉಪಾಸ ಮಾಡಸ್ಕೊಂತಾನ, ವಾರದ ಗೊಡವಿಗೆ ಬರಂಗಿಲ್ಲ. ಯಾಕ ಕೇಳ್ತಿ? ಒಪ್ಪತ್ತು ಬಿಡ್ಸಾಕ ಹೊಂಟೀಯೇನ?”

“ಇಲ್ಲಜ್ಜಿ. ನಿನ್ನ ಸೋಮವಾರ ನಿನಗ ಇರ್ಲಿ. ಗುಳಿಗೀನ ಬುಧವಾರಕ್ಕ ಹಾಕ್ಸಾಕ.”

ಮುದುಕಿ ಎದ್ದು ಹೋಗಿ ಎಲೆ ಅಡಿಕೆ ಉಗುಳಿ ಬಂದಳು. ಆಮೇಲೆ ಹೇಳಿದಳು: “ಐದ ಹಡದೆ ನಾನು. ಐದೂ ಸಲ ರಕ್ತ ಇದ್ದಿಲ್ಲ ಮೈಯಾಗ. ಒಲಿ ಮಣ್ಣ ಕೆರಕೊಂಡ ತಿಂತಿದ್ದೆ, ಕದ್ದು. ಬೆಳ್ಳಗ ಆಗೀನಿ ಅಂತ ಮಂದಿ ಚಂದ ಕಾಣ್ತಿ ಅಂತಿದ್ರು. ಬರಕೋ, ಬುಧವಾರ ಅಂತ ದಪ್ಪಗೆ ಬರಕೋ.”

ದಪ್ಪಗೆ ಬರೆದವನು ಕಲ್ಲೇಶ. ಅವನ ಸೋದರಮಾವ ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಾಕುವವನು. ಅವನಿಂದ ಕುಂಚ, ಬಣ್ಣ ತಂದು ದೊಡ್ಡ ಹಾಳೆಯ ಮೇಲೆ ಐದು ಕಂಬ ಬರೆದ. ಸೋಮವಾರದ ಕಂಬ ಹಾಳೆಯ ತುದಿ ಮುಟ್ಟಿತು. ಬುಧವಾರದ ಜಾಗದಲ್ಲಿ ಬರೀ ಹೆಸರು.

ಶುಕ್ರವಾರ ಶಾಲೆಯ ಹಾಲಿನಲ್ಲಿ ಬ್ಯಾನರು ಕಟ್ಟಿತ್ತು. ‘ಯುವಜನರೇ ಆರೋಗ್ಯದ ರೂವಾರಿಗಳು’ ಎಂದು ಅದರ ಮೇಲೆ ಬರೆದಿತ್ತು, ರೂವಾರಿಗಳಿಗೆ ಬದಿಯಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ತಾಯಂದಿರು ಬಂದಿದ್ದರು, ಶೇಖರಮ್ಮ ಬಂದಿದ್ದರು. ಪಾಲಕರ ಪೈಕಿ ಎಂದು ವಿರುಪಣ್ಣನನ್ನೂ ಕರೆಸಿದ್ದರು, ಅವನು ಬಾಗಿಲ ಹತ್ತಿರದ ಬೆಂಚಿನ ಮೇಲೆ ಮುಖ ಗಂಟು ಹಾಕಿಕೊಂಡು ಕುಳಿತಿದ್ದ. ಮೇಡಂ ತಡವಾಗಿ ಬಂದರು. ಅವತ್ತು ಅವರಿಗೆ ಇದು ಮೂರನೇ ಊರು. ದಣಿದಿದ್ದರು, ಆದರೂ ಎಲ್ಲರಿಗೂ ಕೈಮುಗಿದರು.

ಅಮೃತಾಳ ಹೆಸರು ಕರೆದಾಗ ಅವಳು ಟೈಪಿನ ಹಾಳೆ ಹಿಡಿದುಕೊಂಡೇ ಎದ್ದಳು. ಮಾಸ್ತರರು ಓದು ಎಂದು ತಲೆಯಾಡಿಸಿದರು. ಅವಳು ಹಾಳೆಯನ್ನು ತಿರುವಿದಳು. ಬಾಗಿಲ ಹತ್ತಿರದ ಬೆಂಚಿನ ಕಡೆಗೇ ನೋಡುತ್ತ ಹೇಳಿದಳು:

“ಓದೋಕಿಂತ ಮೊದ್ಲ ಒಂದ ಮಾತೈತ್ರೀ. ಗುಳಿಗಿ ರಿಜಿಸ್ಟರಿನ್ಯಾಗಿನ ಟಿಕ್ಕು ನಾ ಹಾಕಿದ್ದು. ಶ್ರಾವಣದ ಮೊದಲನೇ ಸೋಮವಾರ ಐಶ್ವರ್ಯ ಉಂಡಿದ್ದಿಲ್ಲ. ಉಂಡಾಳಂತ ನಾ ಹಾಕೀನಿ. ನೋಡಿ ಹಾಕಿದ್ದಲ್ರೀ, ಮ್ಯಾಲಿಂದ ತಳದ ಮಟ ಸುಮ್ನ ಎಳದಿದ್ದು. ಅಕಿ ವಾರ ಮುರದಿಲ್ಲ. ಅಕಿ ಸುಳ್ಳೂ ಹೇಳಿಲ್ಲ. ಸುಳ್ಳು ಬರದಾಕಿ ನಾನು.”

ಮಾಸ್ತರರು ಎದ್ದು ನಿಂತರು. “ಮೇಡಂ, ಹುಡುಗಿ ಸ್ವಲ್ಪ ಗಾಬರಿ ಆಗ್ಯಾಳ” ಎಂದರು.

“ಗಾಬರಿ ಆಗಿಲ್ರೀ ಸರ. ಅವತ್ತ ಆಗಿದ್ವಿ, ನೀವು ನಾವು ಎಲ್ಲಾರೂ.”

ಮೇಡಂ ಕೈಸನ್ನೆಯಿಂದ ಮಾಸ್ತರರನ್ನು ಕೂರಿಸಿದರು. “ಊಟ ಮಾಡದೆ ಈ ಗುಳಿಗೆ ತಗೊಳ್ಳಬಾರದು ಅಂತ ನಿಮಗೆ ಹೇಳಿಲ್ವಾ? ಓದೋ ಮಕ್ಕಳು ಉಪವಾಸ ಯಾಕೆ ಮಾಡ್ತೀರಿ? ಮೊದಲು ಅದನ್ನ ಬಿಡಿ.”

ತಾಯಂದಿರ ಕಡೆಯಿಂದ ಗುಜುಗುಜು ಎದ್ದಿತು. ಅಮೃತಾ ಕಾಯಲಿಲ್ಲ.

“ನಮ್ಮಜ್ಜಿ ಮಾಡ್ಯಾಳ್ರೀ, ನಮ್ಮವ್ವ ಮಾಡ್ಯಾಳ. ಅದನ್ನ ಬಿಡ್ಸೋದು ಹತ್ತ ವರ್ಷದ ಕೆಲಸ. ಗುಳಿಗಿ ದಿನ ಬದಲ್ ಮಾಡೋದು ಒಂದ ಕಾಗದದ ಕೆಲಸ. ಯಾವುದು ಹಗೂರ ಐತಿ ನೀವ ಹೇಳ್ರಿ.”

ಕಲ್ಲೇಶ ಹಾಳೆ ಬಿಚ್ಚಿ ಎತ್ತಿ ಹಿಡಿದ. ಅದರ ಬಣ್ಣ ನೋಡಿ ಹಿಂದೆ ಕುಳಿತ ಹೆಂಗಸರು ಎದ್ದು ನಿಂತರು. ಮೇಡಂ ಕನ್ನಡಕ ಹಾಕಿಕೊಂಡು ಒಂದೊಂದೇ ಕಂಬ ನೋಡಿದರು. ಬುಧವಾರದ ಹತ್ತಿರ ಬೆರಳಿಟ್ಟು, “ಇಲ್ಲಿ ಬರೆಯೋದು ಮರೆತಿದ್ದೀರಿ” ಎಂದರು.

“ಮರತಿಲ್ರೀ,” ಕಲ್ಲೇಶ ಹೇಳಿದ. “ಅದು ಯಾರೂ ಹಿಡಿಯದ ವಾರ.”

“ಇದನ್ನೆಲ್ಲ ಯಾರು ಮಾಡಿಸಿದ್ರು?”

“ಯಾರೂ ಮಾಡ್ಸಿಲ್ರೀ,” ಅಮೃತಾ ಹೇಳಿದಳು. “ಸಲಹಾ ಸಮಿತಿ ಅಂತ ನೀವು ಮಾಡೀರಿ. ಇದ ನಮ್ಮ ಸಲಹಾ.”

ಆಗ ಅಡುಗೆಮನೆಯ ಬಾಗಿಲಿನಿಂದ ಇಮಾಮಬೀಯ ದನಿ ಬಂತು. ಆಕೆಯನ್ನು ಯಾರೂ ಕೇಳಿರಲಿಲ್ಲ. “ಹುಡುಗ್ರು ಖರೇ ಹೇಳಾಕ್ಹತ್ಯಾರ್ರೀ ಮೇಡಂ. ಸೋಮವಾರ ನನ್ನ ಕಡೆ ಇಪ್ಪತ್ತೈದು ಇಪ್ಪತ್ತಾರು ತಾಟು ಒಣಗೇ ಇರ್ತಾವ. ಎಣಿಸಿ ಇಡಾಕಿ ನಾನು, ನನಗ ಗೊತ್ತಿಲ್ಲೇನು? ಆದ್ರ ನನ್ನ ಯಾರೂ ಕೇಳ್ಲಿಲ್ಲ. ಪುಸ್ತಕ ನೋಡಿ ಹೋದ್ರು.”

ಶೇಖರಮ್ಮ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರು. ಮೇಡಂ ಹಾಳೆಯ ಫೋಟೋ ತೆಗೆದುಕೊಂಡರು. ಒಳ್ಳೆಯ ಕೆಲಸ ಎಂದರು, ನಿಜವಾಗಿಯೂ ಹಾಗೆ ಅನಿಸಿಯೇ ಅಂದರು. ಆದರೆ ಸೋಮವಾರವೆನ್ನುವುದು ಮೇಲಿನ ಆದೇಶ, ತಾವು ಬರೆದು ಕಳಿಸುತ್ತೇವೆ, ಉತ್ತರ ಬರುವವರೆಗೆ ಸೋಮವಾರವೇ ಎಂದರು.

“ಎಷ್ಟ ದಿನಕ್ಕ ಬರತೈತ್ರೀ ಉತ್ತರ?”

“ಹೇಳೋಕಾಗಲ್ಲಮ್ಮ. ಆರು ತಿಂಗಳೂ ಆಗಬಹುದು.”

“ಆರ ತಿಂಗಳಂದ್ರ ಇಪ್ಪತ್ತಾರು ಸೋಮವಾರ್ರೀ.” ಅಮೃತಾ ಟೈಪಿನ ಹಾಳೆಯನ್ನು ಮಡಚಿದಳು. “ಹಂಗಾರ ಸೋಮವಾರ ನಾವು ಗುಳಿಗಿ ಇಸ್ಕೊಳ್ಳಂಗಿಲ್ಲ. ಉಗುಳೂದೂ ಇಲ್ಲ, ಟಿಕ್ಕೂ ಇಲ್ಲ. ಬುಧವಾರ ಉಂಡು ಕುಂತಿರ್ತೀವಿ. ಕೊಟ್ರ ಎಲ್ಲಾರ ಮುಂದ ನುಂಗತೀವಿ.”

ಬಾಗಿಲ ಹತ್ತಿರ ಬೆಂಚು ಕಿರ್ರೆಂದಿತು. ವಿರುಪಣ್ಣ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಅವನ ಗಾಡಿ ಚಾಲೂ ಆದ ಸದ್ದು ಕೇಳಿಸಿತು. ಅಮೃತಾ ಅಷ್ಟೆಲ್ಲ ಹೇಳಿದ್ದು ಅವನಿಗಾಗಿಯೇ. ಅವನಿಂದ ಒಂದು ಹೂಂ ಕೂಡ ಬರಲಿಲ್ಲ.

ಮೇಡಂ ಹೋದ ಮೇಲೆ ಮಾಸ್ತರರು ಅವಳನ್ನು ಮಾನಿಟರಿನಿಂದ ತೆಗೆದರು. “ನಿನ್ನ ಪ್ರಾಕ್ಟಿಕಲ್ ಮಾರ್ಕು ನನ್ನ ಕೈಯಾಗ ಅದಾವ, ಅದರ ನೆನಪ ಇಟ್ಕೋ” ಎಂದರು. ಅಮೃತಾ ಹೂಂ ಅಂದಳು. ಮಾರ್ಕಿನ ಭಯ ಅವಳಿಗೆ ಇಲ್ಲದೆ ಇರಲಿಲ್ಲ. ಆದರೆ ಗಿರಣಿಯಲ್ಲಿ ಕಿವಿ ಮುಚ್ಚಿಕೊಂಡಾಗ ಆಗಿದ್ದ ಹೇಸಿಗೆ ಈಗ ಇರಲಿಲ್ಲ, ಅದಕ್ಕೆ ಮಾರ್ಕು ಹೋದರೂ ಹೋಗಲಿ ಅನಿಸಿತು.

ಸೋಮವಾರ ಗುಳಿಗೆಯ ಡಬ್ಬಿ ಬಂತು. ಮೊದಲನೆಯವಳು ಎರಡೂ ಕೈ ಹಿಂದೆ ಕಟ್ಟಿಕೊಂಡಳು. ಎರಡನೆಯವಳೂ ಕಟ್ಟಿಕೊಂಡಳು. ಸಾಲಿನ ಕೊನೆ ತಲುಪುವಷ್ಟರಲ್ಲಿ ಮಾಸ್ತರರ ಕೈಯಲ್ಲಿ ಒಂದು ಗುಳಿಗೆಯೂ ಕಡಿಮೆಯಾಗಿರಲಿಲ್ಲ. ಅವರು ಡಬ್ಬಿಯನ್ನು ಆಫೀಸಿನ ಬೀರುವಿನಲ್ಲಿಟ್ಟು ಕೀಲಿ ಹಾಕಿ, ಗೊಂಚಲನ್ನು ಕಿಸೆಗೆ ಹಾಕಿಕೊಂಡರು.

ಬುಧವಾರ ಇಮಾಮಬೀಯ ಒಂದು ತಾಟೂ ಒಣಗಿ ಉಳಿಯಲಿಲ್ಲ. ನಲವತ್ತು ಹುಡುಗಿಯರು ಉಂಡು, ತಾಟು ತೊಳೆದಿಟ್ಟು, ಆಫೀಸಿನ ಮುಂದಿನ ವರಾಂಡದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಕಲ್ಲೇಶ ಮತ್ತು ಅವನ ಜೊತೆಯ ಹುಡುಗರು ಕ್ಲಾಸಿನ ಕಿಟಕಿಗಳಲ್ಲಿ ನಿಂತರು.

ಮಾಸ್ತರರು ಬಾಗಿಲಿಗೆ ಬಂದರು. “ಆದೇಶ ಬಂದಿಲ್ಲ. ಏಳ್ರಿ.”

“ನಾವೂ ಆದೇಶ ಕೇಳಿಲ್ರೀ ಸರ,” ಅಮೃತಾ ಹೇಳಿದಳು. “ಗುಳಿಗಿ ಕೇಳಾಕ್ಹತ್ತೀವಿ. ಎರಡ ವರ್ಷದಾಗ ಮೊದಲನೇ ಸಲ ಕೇಳಾಕ್ಹತ್ತೀವಿ.”

ಅಷ್ಟರಲ್ಲಿ ಗೇಟಿನಲ್ಲಿ ಗಾಡಿ ನಿಂತಿತು. ಮುಂದೆ ವಿರುಪಣ್ಣ, ಮೈಮೇಲಿನ ಹಿಟ್ಟು ಕೊಡವಿಕೊಳ್ಳದೆಯೇ ಬಂದಿದ್ದ. ಹಿಂದೆ ಐಶ್ವರ್ಯ, ಶಾಲೆಯ ಸಮವಸ್ತ್ರ ಹಾಕಿಕೊಂಡು, ಎರಡು ಜಡೆ ಹೆಣೆದುಕೊಂಡು. ಆ ಜಡೆ ಅವಳೇ ಹಾಕಿಕೊಂಡದ್ದಲ್ಲ, ಅವರವ್ವನ ಬಿಗಿ ಅದರಲ್ಲಿ ಕಾಣುತ್ತಿತ್ತು. ಅಮೃತಾಳ ಕಣ್ಣು ತುಂಬಿ ಬಂದವು, ಅವಳು ಒರೆಸಿಕೊಳ್ಳಲಿಲ್ಲ.

ವಿರುಪಣ್ಣ ಗೇಟಿನ ಹೊರಗೇ ನಿಂತ. “ಮಾಸ್ತರ, ನನ್ನ ಮಗಳು ಇನ್ನೂ ಉಂಡಿಲ್ಲ,” ಎಂದು ಅಲ್ಲಿಂದಲೇ ಕೂಗಿ ಹೇಳಿದ. “ಇಲ್ಲೇ ಉಣಸ್ರಿ. ನಾ ನೋಡ್ತೀನಿ. ಎಲ್ಲಾರೂ ನೋಡ್ಲಿ.”

ಇಮಾಮಬೀ ಇನ್ನೊಂದು ತಾಟು ಇಳಿಸಿದಳು. ಐಶ್ವರ್ಯ ವರಾಂಡದ ಮೆಟ್ಟಿಲ ಮೇಲೆ ಕುಳಿತು ಅವಸರವಿಲ್ಲದೆ ಉಂಡಳು. ಎರಡನೇ ಸಲ ಸಾಂಬಾರು ಹಾಕಿಸಿಕೊಂಡಳು. ನಲವತ್ತು ಹುಡುಗಿಯರು, ಬಾಗಿಲಲ್ಲಿ ಮಾಸ್ತರರು, ಗೇಟಿನಲ್ಲಿ ಒಬ್ಬ ಅಪ್ಪ, ಎಲ್ಲರೂ ಅವಳು ಉಣ್ಣುವುದನ್ನು ನೋಡಿದರು. ಅವಳು ತಾಟು ತೊಳೆದು ಇಟ್ಟು, ಸೀದಾ ಬಾಗಿಲ ಹತ್ತಿರ ಹೋದಳು.

“ಸರ, ನನ್ನ ಗುಳಿಗಿ.”

ದೇವೇಂದ್ರಪ್ಪ ಮಾಸ್ತರರು ಅವಳನ್ನು ನೋಡಿದರು. ಆಮೇಲೆ ಗೇಟಿನ ಕಡೆ, ಆಮೇಲೆ ಗೋಡೆಗುಂಟ ಕುಳಿತವರ ಕಡೆ. ಕಿಸೆಗೆ ಕೈಹಾಕಿ ಕೀಲಿಗೊಂಚಲು ತೆಗೆದರು. ಅದೇ ಗೊಂಚಲು. ಅದನ್ನು ನೋಡಿದ್ದೇ ವರಾಂಡದ ಪಿಸುಮಾತೆಲ್ಲ ನಿಂತುಹೋಯಿತು. ವಿರುಪಣ್ಣ ಗೇಟು ತಳ್ಳಿ ಒಂದು ಹೆಜ್ಜೆ ಒಳಗೆ ಬಂದ. ಮಾಸ್ತರರಿಗೂ ಆಗ ಹೊಳೆದಿರಬೇಕು. ಗೊಂಚಲು ಹಿಡಿದ ಕೈ ಹಿಂದೆ ಹೋಯಿತು.

“ನಾನ ತಗೀತೀನಿ ಇರು,” ಎಂದರು, ದನಿ ತಗ್ಗಿಸಿ.

“ಬ್ಯಾಡ್ರೀ ಸರ. ಇತ್ತ ಕೊಡ್ರಿ.”

ಐಶ್ವರ್ಯ ಬಲಗೈ ಚಾಚಿದಳು, ಅಂಗೈ ಮೇಲೆ ಮಾಡಿ. ಕೈ ಹಾಗೆಯೇ ಇತ್ತು, ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಮಾಸ್ತರರು ಕೀಲಿಗೊಂಚಲನ್ನು ಆ ಅಂಗೈಯಲ್ಲಿ ಇಟ್ಟರು.

ಅವಳು ಕೀಲಿಗಳನ್ನು ಒಂದೊಂದಾಗಿ ಸರಿಸಿ ಬೀರುವಿನದನ್ನು ಹುಡುಕಿದಳು. ಬೀಗ ಗಟ್ಟಿಯಾಗಿತ್ತು, ಎರಡನೇ ಸಲ ತಿರುಗಿಸಿದಾಗ ಬಂತು. ಡಬ್ಬಿ ತೆಗೆದು ಮೊದಲ ಗುಳಿಗೆಯನ್ನು ತನ್ನ ಬಾಯಿಗೆ ಹಾಕಿಕೊಂಡು, ಅಮೃತಾ ಕೊಟ್ಟ ನೀರು ಕುಡಿದಳು. ಆಮೇಲೆ ಕೀಲಿಗೊಂಚಲನ್ನು ಎಡಗೈಯಲ್ಲಿ ಹಿಡಿದುಕೊಂಡೇ, ಬಲಗೈಯಿಂದ ಒಬ್ಬೊಬ್ಬರ ಅಂಗೈಗೆ ಒಂದೊಂದು ಗುಳಿಗೆ ಹಾಕುತ್ತ, ಗೋಡೆಯ ಕೊನೆಯವರೆಗೂ ನಡೆದಳು.